ದೇವರ ದನಗಳ ಹಿಂದೆ ಕರೆಂಟ್ ಗಾಡಿ

ನನ್ನ ಅಣ್ಣ ಜನರ ಜೊತೆ ಕನ್ನಡ ಮಾತಾಡುತ್ತಾನೆ, ದನಗಳ ಜೊತೆ ತೆಲುಗು. ಜನರ ಜೊತೆ ಮಾತು ಕಡಿಮೆ. ಮೊಳಕಾಲ್ಮೂರಿನ ಕಡೆಯ ನಮ್ಮ ಹಟ್ಟಿಯಲ್ಲಿ ಎರಡು ಭಾಷೆಯೂ ಒಂದೇ ಒಲೆಯ ಮೇಲೆ ಬೇಯುವುದರಿಂದ ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅವನು ದೇವರ ದನಗಳ ಕಿಲಾರಿಯಾಗಿದ್ದವನು. ದೇವರ ದನವೆಂದರೆ ನಮ್ಮ ಕುಲದೈವದ ಹೆಸರಿಗೆ ಬಿಟ್ಟ ಹಿಂಡು. ಅವನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಮನುಷ್ಯರನ್ನು ಹೂಳುವ ಹಾಗೆಯೇ ಹೂಳುತ್ತೇವೆ. ಅವನ್ನು ಕಾಯಲು ಒಬ್ಬನನ್ನು ಆರಿಸಿ, ಕೈಗೆ ಕೋಲು, ಹೆಗಲಿಗೆ ಕರಿ ಕಂಬಳಿ ಕೊಡುತ್ತಾರೆ. ಅವನೇ ಕಿಲಾರಿ. ಅವನು ಬರಿಗಾಲಲ್ಲಿ ಇರಬೇಕು, ದನ ಕೂಡುವ ರೊಪ್ಪದೊಳಗೆ ಚರ್ಮದ ವಸ್ತು ತರಬಾರದು, ಹಿಂಡಿನ ಜೊತೆ ಹೊರಟರೆ ಹಿಂಡಿನ ಜೊತೆಯೇ ತಿರುಗಿ ಬರಬೇಕು. ಬೇರೆ ಹಟ್ಟಿಗಳಲ್ಲಿ ಕಟ್ಟು ಹೇಗಿದೆಯೋ ಕಾಣೆ, ನಮ್ಮಲ್ಲಿ ಹೀಗೆ.

ಈ ಕಟ್ಟಿನಲ್ಲಿ ಇನ್ನೊಂದು ಮಾತಿದೆ. ಹಿಂಡಿನ ಜೊತೆ ಹೋಗಲಾರದ ದಿನ ಬಂದರೆ ಕಿಲಾರಿ ಕೋಲನ್ನು ಒಪ್ಪಿಸಿಬಿಡಬೇಕು. ಒಂದೆರಡು ದಿನದ ಜ್ವರಕ್ಕೆ ಬದಲಿ ಆಳು ನಡೆಯುತ್ತದೆ, ಅದಕ್ಕಿಂತ ಹೆಚ್ಚಿಗೆ ನಡೆಯುವುದಿಲ್ಲ. ಅಣ್ಣನ ಬಲಮೊಣಕಾಲು ಸವೆದುಹೋದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ನೆನೆಯುತ್ತಿದ್ದದ್ದು, ಯಾರೂ ಬಾಯಿಬಿಟ್ಟು ಆಡದೆ ಇದ್ದದ್ದು ಇದೊಂದೇ ಮಾತು.

ಮೊದಲು ಹುಲ್ಲು ಹತ್ತಿರವಿತ್ತು. ವರವು ಕಾವಲಿನ ಹುಲ್ಲುಗಾವಲಿನ ಸುತ್ತ ಸರ್ಕಾರದ ಗೋಡೆ ಎದ್ದ ಮೇಲೆ ದಾರಿಯೆಲ್ಲ ಸುತ್ತುಬಳಸಾಯಿತು. ದನಕ್ಕೇನು, ನಾಲ್ಕು ಕಾಲು. ಅಣ್ಣ ಮಾತ್ರ ಸಂಜೆ ರೊಪ್ಪದ ಬಾಗಿಲಿಗೆ ಬಂದು ಕಲ್ಲುಕಂಬ ಹಿಡಿದು ನಿಲ್ಲುತ್ತಿದ್ದ. ಚಳ್ಳಕೆರೆಯ ಡಾಕ್ಟರು ಎಕ್ಸ್‌ರೇ ಫಿಲ್ಮ್ ಎತ್ತಿ ಬೆಳಕಿಗೆ ಹಿಡಿದು, ಇನ್ನು ಈ ಕಾಲಲ್ಲಿ ದೂರ ನಡೆಯುವುದನ್ನು ಮರೆತುಬಿಡಿ ಎಂದರು. ಅವನು ಸರಿ ಸಾರ್ ಅಂದು, ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದು, ಮರುದಿನ ಬೆಳಿಗ್ಗೆ ಹಿಂಡಿನ ಹಿಂದೆ ಹೊರಟ. ನನಗೆ ಉರಿದುಹೋಯಿತು. ಕೋಪ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಅವನಿಗೆ ಎಷ್ಟು ಬೈದೆನೋ ಅಷ್ಟೂ ಮಾತು ಅವನ ಕಂಬಳಿಯ ಮೇಲೆ ಬಿದ್ದು ಉದುರಿಹೋಯಿತು. ಅತ್ತಿಗೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಮದುವೆಯಾದ ಮೇಲೆ ಅವನು ಮನೆಯಲ್ಲಿ ಮಲಗಿದ್ದಕ್ಕಿಂತ ರೊಪ್ಪದಲ್ಲಿ ಮಲಗಿದ್ದೇ ಹೆಚ್ಚು. ಕೋಲು ಹೋದರೆ ಗಂಡ ಮನೆಗೆ ಬರುತ್ತಾನೆ ಎಂಬ ಆಸೆ ಅವಳಿಗೂ ಇದ್ದಿರಬೇಕು, ಆದರೆ ಯಾವತ್ತೂ ಹೇಳಿದವಳಲ್ಲ.

ನನ್ನದು ಚಳ್ಳಕೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳು ಬರುತ್ತವೆ, ತಂತಿ ಬಿಚ್ಚಿ ಹೊಸ ತಂತಿ ಸುತ್ತುತ್ತೇನೆ. ಎಣ್ಣೆ ಮಿಲ್ಲಿನ ಹಿಂಡಿ ವಾಸನೆ, ಅದರ ಮೇಲೆ ವಾರ್ನಿಷ್ ವಾಸನೆ, ಇಷ್ಟರಲ್ಲೇ ನನ್ನ ತಲೆಗೂದಲು ನೆರೆತಿದೆ. ಒಂದು ದಿನ ಅಂಗಡಿ ಮುಂದೆ ಲಗೇಜ್ ಆಟೋದಲ್ಲಿ ಒಂದು ಗಾಡಿ ಬಂತು. ಅಂಥದ್ದನ್ನು ನಾನು ಫೋನಿನಲ್ಲಿ ಮಾತ್ರ ನೋಡಿದ್ದೆ. ಬೈಕಿನಷ್ಟೇ ಎತ್ತರ, ಆದರೆ ಪೆಟ್ರೋಲ್ ಟ್ಯಾಂಕ್ ಇಲ್ಲ, ಸೈಲೆನ್ಸರ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ರಸ್ತೆಗೆ ಮಾಡಿದ್ದೇ ಅಲ್ಲ ಅದು. ಕಲ್ಲು, ಹಳ್ಳ, ಮರಳು, ಗುಡ್ಡ ಹತ್ತುವುದಕ್ಕೆಂದೇ ಮಾಡಿದ ಕರೆಂಟ್ ಗಾಡಿ. ಹೊಟ್ಟೆಯಲ್ಲಿ ದೊಡ್ಡ ಬ್ಯಾಟರಿ, ನಡುವೆ ಮೋಟರು, ಮುಂದೆ ಮಾರುದ್ದ ಶಾಕ್‌ಅಬ್ಸಾರ್ಬರ್. ಊರೂರು ಗುಡ್ಡ ಹತ್ತುವ ಹುಚ್ಚಿನವರು ಬ್ರಹ್ಮಗಿರಿಯ ಕಡೆ ಓಡಿಸುವಾಗ ಒಬ್ಬ ಗಾಡಿ ಸಮೇತ ನೀರು ನಿಂತ ಕ್ವಾರಿ ಗುಂಡಿಗೆ ಬಿದ್ದನಂತೆ. ಅವನಿಗೇನೂ ಆಗಿರಲಿಲ್ಲ, ಗಾಡಿ ಮಾತ್ರ ನೀರು ಕುಡಿದಿತ್ತು. ಕೆಲವು ದಿನ ಕಳೆದು ಅವನೇ ಫೋನ್ ಮಾಡಿ, ಅದಕ್ಕೆ ಬಿಡಿಭಾಗ ಸಿಗುವುದಿಲ್ಲವಂತೆ, ನೀವೇ ಇಟ್ಟುಕೊಳ್ಳಿ ಅಂದ.

ಇಟ್ಟುಕೊಂಡೆ. ಕೆಟ್ಟ ಮೋಟರು ಅಂಗಡಿಯಲ್ಲಿ ಸುಮ್ಮನೆ ಬಿದ್ದಿದ್ದರೆ ನನಗೆ ಊಟ ಸೇರುವುದಿಲ್ಲ. ಮೋಟರು ಬಿಚ್ಚಿದೆ, ತಂತಿ ಸುತ್ತಿದೆ, ಆಟೋಗಳಿಗೆ ಬ್ಯಾಟರಿ ಜೋಡಿಸುವ ಸ್ನೇಹಿತನೊಬ್ಬನಿಂದ ಹೊಸ ಸೆಲ್ಲು ಕೂಡಿಸಿ ಬ್ಯಾಟರಿ ಕಟ್ಟಿಸಿದೆ. ಅಂಗಡಿ ಹಿಂದಿನ ಬಯಲಿನಲ್ಲಿ ಮೊದಲ ಸಲ ಹ್ಯಾಂಡಲ್ಲಿನ ಕಿವಿ ತಿರುವಿದಾಗ ಅದು ನನ್ನನ್ನು ಬಿಟ್ಟು ತಾನೊಂದೇ ಮುಂದೆ ಹೋಯಿತು. ಸದ್ದೇ ಇಲ್ಲ. ಮಣ್ಣಿನ ಮೇಲೆ ಟೈರು ಉರುಳುವ ಸಣ್ಣ ಸಪ್ಪಳ ಅಷ್ಟೇ. ಕುಂಡೆ ಮಣ್ಣು ಕೊಡವಿಕೊಂಡು ಎದ್ದಾಗ ನನ್ನ ತಲೆಯಲ್ಲಿ ಅಣ್ಣನ ಮೊಣಕಾಲು ಬಿಟ್ಟು ಬೇರೇನೂ ಇರಲಿಲ್ಲ.

ಅಣ್ಣ ಇದರ ಮೇಲೆ ಕೂತು ಹಿಂಡಿನ ಜೊತೆ ಹೋಗಲಿ ಎಂದು ಹಟ್ಟಿಯ ಯಜಮಾನರ ಮುಂದೆ ಮಾತು ಇಟ್ಟೆ. ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ಗಾಡಿ ತರಲು ಹೇಳಿದರು. ಅದನ್ನು ಬೇವಿನ ಮರದ ಕಟ್ಟೆಯ ಮುಂದೆ ನಿಲ್ಲಿಸಿ ಹಿರಿಯರೆಲ್ಲ ಸುತ್ತ ಕೂತರು. ಹೊಗೆ ಬರುತ್ತದೆಯೇ ಎಂದು ಕೇಳಿದರು, ಇಲ್ಲ ಅಂದೆ. ಪೆಟ್ರೋಲು ನಾರುತ್ತದೆಯೇ ಎಂದು ಒಬ್ಬರು ಬಗ್ಗಿ ಮೂಸಿದರು, ಏನೂ ಸಿಗಲಿಲ್ಲ. ಸೀಟು ಚರ್ಮದ್ದೇ ಎಂದು ಉಗುರಿನಿಂದ ಕೆರೆದು ನೋಡಿದರು, ರೆಕ್ಸಿನ್ನು. ಸದ್ದು ಕೇಳಿಸು ನೋಡೋಣ ಅಂದರು. ಹಿಂದಿನ ಚಕ್ರ ಎತ್ತಿ ತಿರುಗಿಸಿದೆ, ಮರದ ಮೇಲಿನ ಗುಬ್ಬಿ ಕೂಡ ಏಳಲಿಲ್ಲ. ಬರಿಗಾಲಿನ ಕಟ್ಟು ಮಾತ್ರ ಬಿಡುವ ಹಾಗಿಲ್ಲ ಅಂದರು, ಅದಕ್ಕೂ ಒಪ್ಪಿದೆ. ಕಡೆಗೆ ದೇವರಿಗೆ ಹೂ ಇಟ್ಟು ಅಪ್ಪಣೆ ಕೇಳಿದರು. ಹೂ ಬಲಗಡೆ ಬಿತ್ತು. ಅಣ್ಣ ಎರಡು ಕೈಯೂ ನೆಲಕ್ಕೂರಿ ಅಡ್ಡಬಿದ್ದ. ಕೋಲು ಉಳಿಯಿತಲ್ಲ ಎಂದು ನಾನೂ ಅವನ ಪಕ್ಕದಲ್ಲಿ ಅಡ್ಡಬಿದ್ದೆ.

ಬರಿಗಾಲು ಎಂದು ಬಾಯಲ್ಲಿ ಅಂದಷ್ಟು ಸುಲಭವಿರಲಿಲ್ಲ. ಈ ಗಾಡಿಗಳಲ್ಲಿ ಕಾಲಿಡುವ ಪಟ್ಟಿಗೆ ಗರಗಸದ ಹಲ್ಲಿರುತ್ತದೆ, ಕೆಸರಲ್ಲಿ ಬೂಟು ಜಾರಬಾರದು ಎಂದು. ಅಣ್ಣನ ಅಂಗಾಲು ಜಾಲಿಮುಳ್ಳು ಮುರಿಯುವಂಥದ್ದು. ಆದರೂ ಮೊದಲ ದಿನವೇ ರಕ್ತ ಬಂತು. ಹಲ್ಲುಗಳನ್ನು ಅರದಿಂದ ಉಜ್ಜಿ ಅದರ ಮೇಲೆ ತೆಂಗಿನ ನಾರಿನ ಹಗ್ಗ ಸುತ್ತಿದೆ. ಗಾಡಿಯ ರಭಸವನ್ನೂ ಇಳಿಸಿ, ಎಷ್ಟು ಕಿವಿ ತಿರುವಿದರೂ ಆಕಳ ನಡಿಗೆಗಿಂತ ತುಸು ಮುಂದೆ ಮಾತ್ರ ಹೋಗುವಂತೆ ಮಾಡಿದೆ. ಗುಡ್ಡ ಹಾರುವ ಗಾಡಿಗೆ ಇದೆಂಥ ಬಾಳು ಎಂದು ನನಗೇ ನಗು ಬಂತು. ಆದರೆ ಅದರ ತಾಕತ್ತು ವ್ಯರ್ಥವಾಗಲಿಲ್ಲ. ಹಳ್ಳದ ಮರಳಲ್ಲಿ, ಕಲ್ಲುದಿಬ್ಬದ ಏರಿನಲ್ಲಿ ಅಣ್ಣ ಕಾಲು ಕೆಳಗಿಡದೆ ದಾಟುತ್ತಿದ್ದ. ಒಮ್ಮೆ ಚಾರ್ಜು ತುಂಬಿದರೆ ಹುಲ್ಲಿಗೆ ಹೋಗಿ ಬರುವ ದಾರಿ ಎರಡು ದಿನ ನಿಶ್ಚಿಂತೆ. ಬ್ಯಾಟರಿ ಬಿಚ್ಚಿ ಮನೆಗೆ ತಂದು ಚಾರ್ಜಿಗಿಡುವ ಕೆಲಸ ಅತ್ತಿಗೆಯದು. ಕರುವಿನಷ್ಟು ಭಾರ, ಆದರೆ ಒಂದು ದಿನವೂ ಕೈ ನೆಕ್ಕಲಿಲ್ಲ ಎಂದು ಅದನ್ನು ಬೈಯುತ್ತಿದ್ದಳು.

ಮಳೆಗಾಲ ಕಳೆದು ಶೇಂಗಾ ಕೀಳುವವರೆಗೆ ಎಲ್ಲವೂ ನೆಟ್ಟಗಿತ್ತು. ಅಣ್ಣನ ಮೊಣಕಾಲಿನ ಬಾವು ಇಳಿಯಿತು. ಮುಖದಲ್ಲಿ ಕಳೆ ಬಂತು. ನಾನು ತಳಕಿನಲ್ಲಿ ಟೀ ಕುಡಿಯಲು ನಿಂತರೂ ಇದೇ ಕಥೆ ಹೇಳಿಕೊಂಡು ಮೆರೆಯುತ್ತಿದ್ದೆ.

ಒಂದು ಸಣ್ಣ ಬದಲಾವಣೆಯಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲು ಅಣ್ಣ ಹಿಂಡಿನ ಹಿಂದೆ ಇರುತ್ತಿದ್ದ. ಗಾಡಿಯನ್ನು ದನದಷ್ಟು ನಿಧಾನ ಓಡಿಸಿದರೆ ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಅವನು ಸ್ವಲ್ಪ ಮುಂದೆ ಹೋಗಿ ನಿಲ್ಲುವುದು, ದನ ಬಂದು ಕೂಡಿಕೊಳ್ಳುವುದು, ಮತ್ತೆ ಮುಂದೆ ಹೋಗುವುದು ರೂಢಿಯಾಯಿತು. ಕೂಗುವ ಅಗತ್ಯವೇ ಬೀಳಲಿಲ್ಲ. ಅತ್ತಿಗೆ ಮಾತ್ರ ಒಮ್ಮೆ ಹೇಳಿದ್ದಳು. ಸಂಜೆ ದೂರದಿಂದ ಅವನ ಕೂಗು ಕೇಳಿದಾಗಲೇ ಅವಳು ಮುದ್ದೆಗೆ ಎಸರಿಡುತ್ತಿದ್ದದ್ದು. ಈಗ ಕೂಗೂ ಇಲ್ಲ, ಸದ್ದೂ ಇಲ್ಲ, ಎದ್ದು ನೋಡಿದರೆ ದನ ಬಂದೇ ಬಿಟ್ಟಿರುತ್ತದೆ ಎಂದಳು. ಇನ್ನು ಮೇಲೆ ಗಡಿಯಾರ ನೋಡಿ ಎಸರಿಡು ಅತ್ತಿಗೆ ಎಂದು ನಾನು ತಮಾಷೆ ಮಾಡಿದೆ.

ಚಳಿ ಬಿಡುವ ಹೊತ್ತಿಗೆ ಗಾಡಿಯ ಹಿಂದಿನ ಚಕ್ರ ಕರಕರ ಅನ್ನತೊಡಗಿತು. ಬೇರಿಂಗು ಹೋಗಿತ್ತು. ಸಾಮಾನು ತೆಗೆದುಕೊಂಡು ಹೋದೆ. ಮಧ್ಯಾಹ್ನ, ಹಿಂಡು ಜಾಲಿ ಮರಗಳ ಕೆಳಗೆ ಮಲಗಿ ಮೆಲುಕು ಹಾಕುತ್ತಿತ್ತು. ಅಣ್ಣ ಬಂಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಹತ್ತಿರದ ಪಂಪ್‌ಸೆಟ್ ಮನೆಯ ನೆರಳಲ್ಲಿ ಬಿಚ್ಚುತ್ತೇನೆ ಎಂದು ಹೇಳಿ, ಗಾಡಿ ಹತ್ತಿ ಮೆಲ್ಲಗೆ ಹೊರಟೆ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸಪ್ಪಳ ಬಂತು. ಗಾಡಿಗೆ ಕನ್ನಡಿ ಇಲ್ಲ, ನಿಲ್ಲಿಸಿ ತಿರುಗಿದೆ. ಇಡೀ ಹಿಂಡು ಎದ್ದು ನನ್ನ ಹಿಂದೆ ಬರುತ್ತಿತ್ತು. ಮುಂದೆ ಹಿಂಡಿನ ಹಿರಿಯಾಕಳು, ಹಿಂದೆ ಹೋರಿಗಳು, ಕರುಗಳು. ನಾನು ನಿಂತದ್ದೇ ಅವೂ ನಿಂತವು. ಅತ್ತ ಬಂಡೆಯ ಹತ್ತಿರ ಅಣ್ಣ ಕೋಲು ಊರಿ ಎದ್ದು ನಿಂತಿದ್ದ. "ರಾ ನಾಯನಾ, ರಾ" ಎಂದು ಕೂಗಿದ. ಬಾರಪ್ಪ ಬಾ ಎಂದು ತೆಲುಗಿನಲ್ಲಿ ಅವನು ಜೀವಮಾನವಿಡೀ ಕೂಗಿದ ಕೂಗು ಅದು. ಒಂದೆರಡು ಕಿವಿ ಅತ್ತ ಹೊರಳಿದವು. ಕಾಲು ಒಂದೂ ಹೊರಳಲಿಲ್ಲ.

ಅವನು ಮತ್ತೆ ಕೂಗಿದ. ನನಗೆ ದನಗಳ ಮೇಲೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಗಾಡಿಯ ಸ್ವಿಚ್ಚು ರಪ್ಪನೆ ಆರಿಸಿ ಅದನ್ನು ಒದ್ದೆ. ಹಿರಿಯಾಕಳು ಹತ್ತಿರ ಬಂದು ಗಾಡಿಯ ಸೀಟು ನೆಕ್ಕತೊಡಗಿತು. ಇಷ್ಟು ತಿಂಗಳ ಅಣ್ಣನ ಬೆವರು ಒಣಗಿ ಆ ರೆಕ್ಸಿನ್ನಿನ ಮೇಲೆ ಬಿಳಿ ಉಪ್ಪಾಗಿ ಕೂತಿತ್ತು.

ಅಣ್ಣ ಕುಂಟುತ್ತಾ ಬಂದ. ಬಹಳ ಹೊತ್ತು ಹಿಡಿಯಿತು. ನಾನು ಎದುರು ಹೋಗಲು ಹೊರಟರೆ ಕೈಯೆತ್ತಿ ಬೇಡ ಎಂದ. ಬಂದವನು ಆಕಳ ಬೆನ್ನ ಮೇಲೆ ಕೈಯಿಟ್ಟು ದಮ್ಮು ತೆಗೆದುಕೊಂಡ. ಅವು ನಿನ್ನ ಬೆವರಿನ ಹಿಂದೆಯೇ ಬಂದಿವೆ ಕಣೋ ಅಣ್ಣ ಎಂದು ನಾನು ಸೀಟು ತೋರಿಸಿದೆ. ಅವನು ಸೀಟನ್ನು ನೋಡಲೇ ಇಲ್ಲ.

"ಇವತ್ತು ನೀನು ಕುಂತಿದ್ದೆ, ನಿನ್ ಹಿಂದೆ ಬಂದ್ವು. ನಾಳೆ ಯಾವನು ಕುಂತ್ರೂ ಬರ್ತಾವಲ್ಲಲೇ" ಅಂದ.

ಹೊಗೆ, ಚರ್ಮ, ಸದ್ದು ಎಲ್ಲ ನೋಡಿದ್ದ ನಾವು ಈ ಒಂದನ್ನು ನೋಡಿರಲಿಲ್ಲ. ದೇವರ ದನವನ್ನು ಕಟ್ಟಿಹಾಕುವ ಹಗ್ಗವಿಲ್ಲ, ಮೂಗುದಾರವಿಲ್ಲ. ಕಿಲಾರಿಯ ಕೂಗೊಂದೇ ಅವುಗಳ ಹಗ್ಗ. ಅದು ಸದ್ದಿಲ್ಲದೆ ಕಡಿದುಹೋಗಿತ್ತು. ಅಣ್ಣನ ಕೋಲು ಉಳಿಸಲು ನಾನು ಓಡಾಡಿದ್ದೆ, ತಾನೊಂದು ಬಗೆದರೆ ದೈವವೊಂದು ಬಗೆಯಿತು. ಆ ದಿನ ಚಕ್ರ ರಿಪೇರಿ ಮಾಡಲಿಲ್ಲ. ಕರಕರ ಅನ್ನುವ ಗಾಡಿಯನ್ನು ನಾನು ತಳ್ಳಿಕೊಂಡು ಮುಂದೆ, ಹಿಂಡು ನನ್ನ ಹಿಂದೆ, ಎಲ್ಲರ ಹಿಂದೆ ಅಣ್ಣ. ಹೀಗೆ ರೊಪ್ಪಕ್ಕೆ ಬಂದೆವು.

ಮರುದಿನ ಅವನೇ ಯಜಮಾನರ ಮನೆಗೆ ಹೋಗಿ ಕೋಲನ್ನು ಅವರ ಮುಂದಿಟ್ಟ. ಅವರಿಗೆ ಅರ್ಥವಾಗಲಿಲ್ಲ. ಗಾಡಿ ಕೆಟ್ಟರೆ ತಮ್ಮ ರಿಪೇರಿ ಮಾಡುತ್ತಾನೆ, ದೇವರೇ ಬಲಗಡೆ ಹೂ ಕೊಟ್ಟಿದ್ದಾನೆ, ಕೋಲು ಯಾಕೆ ಇಳಿಸುತ್ತೀ ಎಂದು ಕೇಳಿದರು.

"ದೇವ್ರನ್ನ ಕೇಳಿದ್ವಿ, ದನಾನ ಯಾರೂ ಕೇಳ್ಲಿಲ್ಲ ಗೌಡ್ರೇ" ಎಂದ ಅಣ್ಣ. "ನನ್ ಕೋಲು ಉಳಿದ್ರೆ ಸಾಕು ಅಂತ ನಾನೂ ಅವನ್ನ ಕೇಳ್ಲಿಲ್ಲ. ಈಗ ಅವು ಯಾರ್ ಮಾತೂ ಕೇಳ್ತಿಲ್ಲ. ನಡಿಯೋ ಕಾಲಿರೋನಿಗೆ ಕೊಡ್ರಿ. ಕೊಡೋ ಮುಂಚೆ ಅವಕ್ಕೆ ಕೂಗು ಕಲಿಸಿಕೊಡ್ತೀನಿ."

ಹಟ್ಟಿಯವರು ಆರಿಸಿದ್ದು ಬೋರ್‌ವೆಲ್ ಲಾರಿಯಲ್ಲಿ ದುಡಿದು ಊರಿಗೆ ಮರಳಿದ್ದ, ನಡುವಯಸ್ಸಿನ ಒಬ್ಬನನ್ನು. ಮಾತಿಗಿಂತ ಹೆಚ್ಚು ತಲೆಯಾಡಿಸುವವನು. ಲಾರಿಯ ಸದ್ದಿನಲ್ಲಿ ಕೂಗಿ ಕೂಗಿ ಅವನ ಗಂಟಲು ಒಡೆದಿತ್ತು. ಅವನ "ರಾ ನಾಯನಾ" ಕೇಳಿ ಅಣ್ಣ, ದನ ಕರೀತಿದ್ದೀಯೋ ಸಾಲ ತಗೊಂಡೋನನ್ನ ಕರೀತಿದ್ದೀಯೋ ಎಂದು ರೇಗಿಸಿದ. ಆ ದಿನಗಳಲ್ಲಿ ಅಣ್ಣ ನಕ್ಕದ್ದು ಅದೊಂದೇ ಸಲ. ತನ್ನ ಕಂಬಳಿಯನ್ನು ಬಿಚ್ಚಿ, ಕೊಡವದೆ, ತೊಳೆಸದೆ ಅವನ ಹೆಗಲಿಗೆ ಹಾಕಿದ.

ನನಗೂ ಒಂದು ಕೆಲಸವಿತ್ತು. ಅಂಗಡಿಯನ್ನು ಜೊತೆಗಾರನಿಗೆ ಒಪ್ಪಿಸಿ ಹಟ್ಟಿಯಲ್ಲೇ ಉಳಿದೆ. ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದಾಗ ಅಣ್ಣ ಮತ್ತು ಹೊಸ ಕಿಲಾರಿ ಹುಲ್ಲಿನ ದಾರಿ ಹಿಡಿದು ನಿಂತು ಕೂಗಬೇಕು, ನಾನು ಅದೇ ಹೊತ್ತಿಗೆ ಗಾಡಿ ಹತ್ತಿ ಬೇರೆ ದಿಕ್ಕಿಗೆ ಹೋಗಬೇಕು. ದನ ಆರಿಸಿಕೊಳ್ಳಬೇಕು. ಮೊದಮೊದಲು ಅವು ನನ್ನ ಹಿಂದೆಯೇ ಬಂದವು. ನಿಂತು, ಇಳಿದು, ಅವನ್ನು ಕೈಯಲ್ಲಿ ತಳ್ಳಿ ತಿರುಗಿಸುತ್ತಿದ್ದೆ. ಅಣ್ಣನ ಗಂಟಲು ಕಟ್ಟಿ ಸಂಜೆಗೆ ಮಾತೇ ಹೊರಡುತ್ತಿರಲಿಲ್ಲ. ಆಮೇಲಾಮೇಲೆ ಹಿರಿಯಾಕಳು ನಡುದಾರಿಯಲ್ಲಿ ನಿಂತು ಎರಡು ಕಡೆಯೂ ನೋಡಲು ಶುರುಮಾಡಿತು. ಒಂದು ದಿನ ಅರ್ಧ ಹಿಂಡು ಅತ್ತ, ಅರ್ಧ ಹಿಂಡು ಇತ್ತ ಬಂದಾಗ ನನಗೆ ಅಳು ಬಂದುಬಿಟ್ಟಿತು. ಅಣ್ಣ ಕಲಿಸುತ್ತಿದ್ದದ್ದು ತನ್ನನ್ನೇ ಮರೆಯುವ ಪಾಠವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಂಜೆಯ ಕೂಗು ಮತ್ತೆ ಹಟ್ಟಿಗೆ ಕೇಳತೊಡಗಿತ್ತು. ಅತ್ತಿಗೆ ಅದನ್ನು ಕೇಳಿ ಎಸರಿಡುತ್ತಿದ್ದಳು. ಎರಡು ಕೂಗಿನಲ್ಲಿ ಯಾವುದು ಯಾರದೆಂದು ಅವಳು ಒಮ್ಮೆಯೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಣ್ಣ, ಇವತ್ತು ನಾನು ಕೂಗುವುದಿಲ್ಲ ಎಂದ. ಬಯಲಿನ ನಡುವೆ ಒಬ್ಬನೇ ಹೋಗಿ ನಿಂತ. ಕೈಯಲ್ಲಿ ಕೋಲಿಲ್ಲ, ಹೆಗಲ ಮೇಲೆ ಕಂಬಳಿಯಿಲ್ಲ. ಅವನನ್ನು ಹಾಗೆ ನಾನು ಕಂಡದ್ದೇ ಇಲ್ಲ. ಅಂಗಿಯೊಳಗೆ ಹೆಗಲು ಇಷ್ಟು ಸಣ್ಣದಿತ್ತೇ ಅನ್ನಿಸಿತು. ಹೊಸ ಕಿಲಾರಿ ಅತ್ತ, ನಾನು ಗಾಡಿಯ ಮೇಲೆ ಇತ್ತ, ನಡುವೆ ಅವನು. ರೊಪ್ಪದ ಬಾಗಿಲು ತೆಗೆದರು. ಒಡೆದ ಗಂಟಲಿನ ಕೂಗು ಕೇಳಿತು. ನಾನು ಕಿವಿ ತಿರುವಿ ಹೊರಟೆ.

ಹಿಂದೆ ಸಪ್ಪಳ ಬರಲಿಲ್ಲ. ನಿಲ್ಲಿಸಿ ತಿರುಗಿ ನೋಡಿದೆ. ಹಿಂಡು ಅಣ್ಣನ ಎರಡೂ ಪಕ್ಕದಿಂದ ಹಾದು ಕರಿ ಕಂಬಳಿಯ ಕಡೆ ಹೋಗುತ್ತಿತ್ತು. ಹಿರಿಯಾಕಳು ಅವನ ಹತ್ತಿರ ಒಂದು ಗಳಿಗೆ ನಿಂತು ಕೈ ಮೂಸಿತು. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅದೂ ಹೋಯಿತು.

ಧೂಳು ಇಳಿಯುವವರೆಗೆ ಕಾದು ಗಾಡಿಯನ್ನು ಅವನ ಹತ್ತಿರ ತಂದೆ. ಅದು ಒಬ್ಬರೇ ಕೂರುವ ಸೀಟು. ಮುಂದೆ ಸರಿದು ಜಾಗ ಮಾಡಿದೆ. ಅವನು ನನ್ನ ಭುಜ ಹಿಡಿದು ಕಷ್ಟಪಟ್ಟು ಹತ್ತಿ ಕೂತ. ಕಾಲು ಹೊಸ್ತಿಲಿನ ಒಳಗಿಡುವವರೆಗೆ ಬರಿಗಾಲೇ ಇರಲಿ ಎಂದು ನಾನು ತಂದಿದ್ದ ಚಪ್ಪಲಿ ಬೇಡವೆಂದ. ಮನೆಯ ಕಡೆ ತಿರುಗಿಸಿದೆ.

"ಸದ್ದು ಮಾಡ್ಬೇಡಲೇ" ಅಂದ ಕಿವಿಯ ಹತ್ತಿರ. "ತಿರುಗಿ ನೋಡ್ತಾವೆ."

ಸದ್ದೇ ಇಲ್ಲದ ಗಾಡಿ ಅದು. ಹೂಂ ಅಂದೆ. ಹಟ್ಟಿ ಮುಟ್ಟುವವರೆಗೆ ಅವನ ಗದ್ದ ನನ್ನ ಭುಜಕ್ಕೆ ತಾಗಲಿಲ್ಲ, ಅವನು ಕತ್ತು ಹಿಂದಕ್ಕೇ ತಿರುಗಿಸಿ ಕೂತಿದ್ದ. ಯಾವುದಾದರೂ ತಿರುಗಿ ನೋಡಿತೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.